ಎಸ್‌ಎಂಪಿಎಸ್ ಫ್ಯಾನ್ ಮ್ಯಾಲಕ್ಕೋ ಕೆಳಕ್ಕೋ? ಒಬ್ಬೊಬ್ಬರು ಒಂದೊಂದು ಹೇಳ್ತಾರ

ಸಿಂಧನೂರು_ಸ್ಟುಡಿಯೋ
ಎಲ್ಲರಿಗೂ ನಮಸ್ಕಾರ್ರಿ. ಮದುವಿ ವಿಡಿಯೋ, ಆಲ್ಬಮ್ ಮಾಡೋ ಅಂಗಡಿ ನಂದು. ಹೊಸ ಸಿಸ್ಟಮ್ ಅಸೆಂಬಲ್ ಮಾಡಿಸೀನಿ: ರೈಜನ್ 5 5600 ಪ್ರೊಸೆಸರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 550 ವ್ಯಾಟ್ ಬ್ರಾಂಝ್ ಎಸ್‌ಎಂಪಿಎಸ್ (ಸಿಸ್ಟಮ್ಮಿಗೆ ಕರೆಂಟ್ ಕೊಡೋ ಪವರ್ ಸಪ್ಲೈ ಡಬ್ಬಿ). ಎಸ್‌ಎಂಪಿಎಸ್ ಕ್ಯಾಬಿನೆಟ್ ತಳದಾಗ ಕೂಡ್ತದ. ಹುಡುಗ ಅದರ ಫ್ಯಾನ್ ಮ್ಯಾಲಕ್ಕ ಮುಖ ಮಾಡಿ ಫಿಟ್ ಮಾಡ್ಯಾನ. ಕೇಳಿದ್ರ, "ಬಿಸಿ ಗಾಳಿ ಮ್ಯಾಲ ಹೋಗ್ತದಲ್ರಿ, ಅದಕ್ಕ ಮ್ಯಾಲಕ್ಕ ಊದಬೇಕು" ಅಂದ. ಗೆಳೆಯ ಒಬ್ಬಾಂವ ನೋಡಿ ಪೂರಾ ಉಲ್ಟಾ ಹಾಕ್ಯಾರ ಅಂತಾನ.

ನಮ್ಮ ಕಡಿ ಬ್ಯಾಸಿಗಿ ಹೆಂಗಿರ್ತದ ಅಂತ ನಿಮಗ ಗೊತ್ತದ, ಮಧ್ಯಾಹ್ನ 42 ದಾಟ್ಲಿಕ್ಕತ್ತದ. ದೊಡ್ಡ ಫೈಲ್ ಎಕ್ಸ್‌ಪೋರ್ಟಿಗೆ ಹಾಕಿದ್ರ ನಡುವ ಪಟ್ ಅಂತ ಬಂದ್. ಈ ಎಸ್‌ಎಂಪಿಎಸ್ ಫ್ಯಾನ್ ಗಾಳಿ ಒಳಗ ಎಳೀತದೋ, ಹೊರಗ ಊದ್ತದೋ? ಯಾವ ಕಡಿ ಮುಖ ಇರಬೇಕು?

ಗೇಮರ್_ಗುಂಡ
ಕೆಳಕ್ಕೆ. ಮುಗೀತು. ಥ್ರೆಡ್ ಕ್ಲೋಸ್ ಮಾಡಿ ಗುರು.

ತಿರುಪುಳಿ
ಗುಂಡ, ಸ್ವಲ್ಪ ತಡಿ. ಅವರು ಕೇಳಿದ್ದು ಎರಡು ಪ್ರಶ್ನೆ.

ಮೊದಲನೇದಕ್ಕೆ ಒಂದೇ ಉತ್ತರ: ದೊಡ್ಡ ಫ್ಯಾನ್ ಇರೋ ಎಸ್‌ಎಂಪಿಎಸ್, 120 ಆಗಲಿ 140 ಮಿ.ಮೀ. ಆಗಲಿ, ಫ್ಯಾನ್ ಕಡೆಯಿಂದ ಗಾಳಿ ಒಳಗೆ ಎಳೆಯುತ್ತೆ. ಆ ಗಾಳಿ ಒಳಗಿನ ಬೋರ್ಡ್, ಹೀಟ್‌ಸಿಂಕ್ ಮೇಲೆ ಹಾದು, ಪವರ್ ಕಾರ್ಡ್ ಚುಚ್ಚೋ ಕಡೆ ಇರೋ ಜಾಲರಿಯಿಂದ ಹಿಂದಕ್ಕೆ ಹೊರಗೆ ಹೋಗುತ್ತೆ. ಡಬ್ಬ ಮೇಲೆ ಮಾಡಿ ಇಡಿ, ಕೆಳಗೆ ಮಾಡಿ ಇಡಿ, ಇದು ಬದಲಾಗಲ್ಲ. ಹಾಗಾಗಿ "ಮೇಲಕ್ಕೆ ಊದಬೇಕು" ಅಂದ ಹುಡುಗನ ಲೆಕ್ಕವೇ ಸರಿಯಿಲ್ಲ. ಅದು ಮೇಲಕ್ಕೂ ಊದಲ್ಲ, ಕೆಳಕ್ಕೂ ಊದಲ್ಲ. ಊದೋದು ಹಿಂದಕ್ಕೆ ಮಾತ್ರ.

ಎರಡನೇದು, ಅದು ಎಳೆಯೋ ಗಾಳಿ ಎಲ್ಲಿಂದ ಬರಬೇಕು ಅನ್ನೋದು. ಮುಖ ಮೇಲಿದ್ರೆ ಕ್ಯಾಬಿನೆಟ್ ಒಳಗಿನ ಗಾಳಿ, ಕೆಳಗಿದ್ರೆ ರೂಮಿನ ಗಾಳಿ. ಅಷ್ಟೇ ವ್ಯತ್ಯಾಸ. ಆದ್ರೆ ಕೆಳಗೆ ಗಾಳಿ ಬರೋ ಜಾಗ ಇದ್ರೆ ಮಾತ್ರ.

ಡಿಟಿಪಿ_ಅಕ್ಕ
ನಂಬಿಕಿ ಬರ್ಲಿಲ್ಲ ಅಂದ್ರ ಊದಿನಕಡ್ಡಿ ಹಚ್ಚಿ ಹಿಡೀರಿ. ಫ್ಯಾನ್ ಜಾಲರಿ ಹತ್ರ ಹಿಡದ್ರ ಹೊಗಿ ಒಳಗ ಹೊಕ್ಕೊಂಡು ಹಿಂದಿನಿಂದ ಹೊರಗ ಬರತೈತಿ. ನಮ್ಮ ಧಾರವಾಡದ ಅಂಗಡ್ಯಾಗ ನಾ ಹಿಂಗ ನೋಡೀನಿ. ಬೂದಿ ಒಳಗ ಬೀಳದಂಗ ನೋಡ್ಕೋರಿ ಮತ್ತ.

ತಿರುಪುಳಿ
ಟಿಶ್ಯೂ ಪೇಪರ್ ತುಂಡು ಸಾಕು ಅಕ್ಕಾ. ಅಂಟಿಕೊಂಡ್ರೆ ಎಳೀತಿದೆ, ಹಾರಿದ್ರೆ ಊದ್ತಿದೆ.

ಹಳೇ_ಪೆಂಟಿಯಂ
ಆ ಹುಡುಗನನ್ನು ಪೂರ್ತಿ ಬೈಯಬೇಡಿ. ಒಳಗೆ ಊದೋ ಎಸ್‌ಎಂಪಿಎಸ್ ನಿಜವಾಗಿಯೂ ಇದ್ದವು. 1995ರಲ್ಲಿ ಇಂಟೆಲ್ ಎಟಿಎಕ್ಸ್ (ಬೋರ್ಡ್, ಕ್ಯಾಬಿನೆಟ್, ಎಸ್‌ಎಂಪಿಎಸ್‌ಗಳ ಅಳತೆ, ಜೋಡಣೆಯ ಮಾನದಂಡ) ತಂದಾಗ, ಎಸ್‌ಎಂಪಿಎಸ್ ಫ್ಯಾನ್ ಹೊರಗಿನ ಗಾಳಿಯನ್ನು ಎಳೆದು ನೇರ ಪ್ರೊಸೆಸರ್ ಮೇಲೆ ಊದಲಿ ಅನ್ನೋದು ಅವರ ಯೋಚನೆಯಾಗಿತ್ತು. ಪ್ರೊಸೆಸರ್‌ಗೆ ಬೇರೆ ಫ್ಯಾನೇ ಬೇಡ, ಒಂದರಲ್ಲಿ ಎರಡು ಕೆಲಸ ಅಂತ. ಕಾಗದದ ಮೇಲೆ ಚೆಂದ. ಆದರೆ ಎಸ್‌ಎಂಪಿಎಸ್ ದಾಟಿ ಬಂದ ಗಾಳಿ ಮೊದಲೇ ಬಿಸಿಯಾಗಿರುತ್ತಲ್ಲ! ಅದನ್ನೇ ಪ್ರೊಸೆಸರ್ ಮೇಲೆ ಊದಿದರೆ ಏನು ಪ್ರಯೋಜನ? ಪ್ರೊಸೆಸರ್‌ಗಳ ಬಿಸಿಯೂ ಏರುತ್ತಾ ಹೋಯಿತು. ಮುಂದಿನ ಆವೃತ್ತಿಗಳಲ್ಲಿ ಆ ಕ್ರಮ ಬಿಟ್ಟು, ಗಾಳಿ ಹೊರಗೆ ಹೋಗೋ ಕ್ರಮಕ್ಕೇ ಬಂದರು.

ಆಮೇಲೆ ನಮ್ಮ ಕಾಲದ ಕ್ಯಾಬಿನೆಟ್‌ಗಳಲ್ಲಿ ಎಸ್‌ಎಂಪಿಎಸ್ ಮೇಲುಗಡೆ ಕೂರುತ್ತಿತ್ತು, ಹಿಂದೆ 80 ಮಿ.ಮೀ. ಫ್ಯಾನ್ ಒಂದೇ. ಇಡೀ ಡಬ್ಬಿಯ ಬಿಸಿಯನ್ನೆಲ್ಲ ಅದೇ ಹೊರಗೆ ಹಾಕಬೇಕಿತ್ತು. ಬೇರೆ ಕ್ಯಾಬಿನೆಟ್ ಫ್ಯಾನ್ ಅನ್ನೋದನ್ನೇ ಅಂಗಡಿಯವರು ಹಾಕುತ್ತಿರಲಿಲ್ಲ. "ಎಸ್‌ಎಂಪಿಎಸ್ ಅಂದರೆ ಎಕ್ಸಾಸ್ಟ್" ಅನ್ನೋ ಮಾತು ಅಲ್ಲಿಂದ ಉಳಿದುಕೊಂಡದ್ದು.

ಎಸ್‌ಪಿ_ರೋಡ್_ಗಿರಾಕಿ
ಸಾರ್, ಆ ಕ್ಯಾಬಿನೆಟ್ ಜೊತೆಗೇ ಫ್ರೀ ಬರ್ತಿದ್ದ "450 ವ್ಯಾಟ್" ಎಸ್‌ಎಂಪಿಎಸ್ ನೆನಪಿದ್ಯಾ? ಕೈಲಿ ಎತ್ತಿದ್ರೆ ಖಾಲಿ ಡಬ್ಬ ಎತ್ತಿದ ಹಾಗಿರ್ತಿತ್ತು. ಸ್ಟಿಕ್ಕರ್‌ನಲ್ಲಿ ಮಾತ್ರ 450.

ಹಳೇ_ಪೆಂಟಿಯಂ
ತೂಕ ನೋಡಿಯೇ ಕೊಳ್ಳುತ್ತಿದ್ದೆವು. ಕಾಯಿಲ್, ಹೀಟ್‌ಸಿಂಕ್ ಇದ್ದರೆ ಭಾರ ಇರಲೇಬೇಕು.

ಕರಾವಳಿ_ಕಪಾಸಿಟರ್
ನಂದು ಫ್ಯಾನ್ ಮೇಲೆಯೇ ಉಂಟು, ಏನೂ ತೊಂದರೆ ಇಲ್ಲ ಮಾರಾಯ್ರೆ. ಇಲ್ಲಿ ನೆಲ ಒರೆಸುವುದು, ಮಳೆಗಾಲದ ತೇವ, ಇರುವೆ ಎಲ್ಲ ಕೆಳಗಿನಿಂದಲೇ ಬರುವುದು. ಕೆಳಗೆ ಮುಖ ಮಾಡಿದರೆ ಉಪ್ಪುಗಾಳಿ ಸಮೇತ ಎಲ್ಲವನ್ನೂ ಎಳೆದು ಹಾಕುತ್ತದೆ. ಕೆಳಕ್ಕೇ ಇಡಬೇಕು ಅಂತ ಬರೆದಿಟ್ಟವರು ಯಾರು?

ಗೇಮರ್_ಗುಂಡ
ಉಪ್ಪುಗಾಳಿ ಮುಂದಿನ ಫ್ಯಾನ್‌ನಿಂದಲೂ ಬರುತ್ತೆ. ಕ್ಯಾಬಿನೆಟ್ ಒಳಗೆ ಬಂದು ಆಮೇಲೆ ಎಸ್‌ಎಂಪಿಎಸ್‌ಗೇ ಹೋಗುತ್ತೆ. ಏನ್ ಲಾಭ?

ಕರಾವಳಿ_ಕಪಾಸಿಟರ್
ಮುಂದೆ ಫಿಲ್ಟರ್ ಉಂಟಲ್ಲ.

ಗೇಮರ್_ಗುಂಡ
ಕೆಳಗೂ ಫಿಲ್ಟರ್ ಇರುತ್ತೆ. ನೀವು ತೆಗೆದು ತೊಳೀತೀರಾ ಅನ್ನೋದು ಪ್ರಶ್ನೆ.

ಓಮ್ಸ್_ಲಾ_ಓಬಯ್ಯ
ಎಲ್ಲರೂ ಅಭಿಪ್ರಾಯ ಹೇಳ್ತಿದೀರಿ, ಲೆಕ್ಕ ಯಾರೂ ಹಾಕಿಲ್ಲ. ನಾನು ಹಾಕ್ತೀನಿ.

3060 ಕಾರ್ಡ್ 170 ವ್ಯಾಟ್, 5600 ಪ್ರೊಸೆಸರ್ ರೇಟಿಂಗ್ 65 ವ್ಯಾಟ್. ಬೋರ್ಡ್, ರ‍್ಯಾಮ್, ಡಿಸ್ಕ್ ಸೇರಿಸಿ ಎಕ್ಸ್‌ಪೋರ್ಟ್ ಹೊತ್ತಲ್ಲಿ 255 ವ್ಯಾಟ್ ಅಂತ ಹಿಡಿಯಿರಿ. ಬ್ರಾಂಝ್ ಅಂದ್ರೆ ಎಫಿಷಿಯನ್ಸಿ ಸುಮಾರು 85 ಪರ್ಸೆಂಟ್. ಪ್ಲಗ್‌ನಿಂದ ಎಳೆಯೋದು 300, ಸಿಸ್ಟಮ್‌ಗೆ ಸೇರೋದು 255. ಮಿಕ್ಕ 45 ವ್ಯಾಟ್ ಎಸ್‌ಎಂಪಿಎಸ್ ಒಳಗೇ ಬಿಸಿಯಾಗುತ್ತೆ. ಅದರ ಫ್ಯಾನ್ ನಿಮಿಷಕ್ಕೆ 20 ಘನ ಅಡಿ ಗಾಳಿ ಎಳೆದ್ರೆ, ಆ 45 ವ್ಯಾಟ್‌ನಿಂದ ಗಾಳಿಗೆ ಏರೋ ಬಿಸಿ 4 ಡಿಗ್ರಿ ಚಿಲ್ಲರೆ. ಅಂದ್ರೆ ಎಸ್‌ಎಂಪಿಎಸ್ ತನ್ನ ಬಿಸಿಯನ್ನ ತಾನು ಆರಾಮಾಗಿ ನಿಭಾಯಿಸುತ್ತೆ.

ಈಗ ಕ್ಯಾಬಿನೆಟ್ ನೋಡಿ. ಆ 255 ವ್ಯಾಟ್ ಅಷ್ಟೂ ಒಳಗಡೆ ಬಿಸಿಯಾಗಿ ಬಿಡುಗಡೆ ಆಗುತ್ತೆ. ಕ್ಯಾಬಿನೆಟ್ ಫ್ಯಾನ್‌ಗಳು ಒಟ್ಟು 60 ಘನ ಅಡಿ ಸಾಗಿಸಿದ್ರೆ ಒಳಗಿನ ಗಾಳಿ ರೂಮಿಗಿಂತ 8 ಡಿಗ್ರಿ ಹೆಚ್ಚು. ಸಿಂಧನೂರಿನ 42ಕ್ಕೆ 8 ಸೇರಿಸಿದ್ರೆ 50.

ಫ್ಯಾನ್ ಮುಖ ಮೇಲಿದ್ರೆ ಎಸ್‌ಎಂಪಿಎಸ್ ಉಸಿರಾಡೋದು 50 ಡಿಗ್ರಿ ಗಾಳಿ. ಕೆಳಗಿದ್ರೆ 42. ಒಳ್ಳೆ ಎಸ್‌ಎಂಪಿಎಸ್ ಪೂರ್ತಿ ವ್ಯಾಟ್ 50 ಡಿಗ್ರಿಯಲ್ಲಿ ಕೊಡುತ್ತೆ, ಸಾಧಾರಣದ್ದಕ್ಕೆ 40 ಅಂತಲೇ ರೇಟಿಂಗ್ ಇರುತ್ತೆ. ಮಂಗಳೂರಲ್ಲಿ 32 ಡಿಗ್ರಿ ಇದ್ದಾಗ ಮೇಲಿದ್ರೂ 40. ಅದಕ್ಕೇ ಕರಾವಳಿಯವರಿಗೆ ತೊಂದರೆ ಕಾಣಲ್ಲ. ಇಬ್ಬರೂ ಸರಿ, ಊರು ಬೇರೆ.

ಬಳ್ಳಾರಿ_ಬಿಸಿಲು
ಕೊನೆಗೂ ನಮ್ಮ ಬಿಸಿಲಿಗೆ ಒಂದು ಬೆಲೆ ಬಂತು.

ತಿರುಪುಳಿ
ಲೆಕ್ಕ ಚೆನ್ನಾಗಿದೆ ಓಬಯ್ಯ. ಆದ್ರೆ 8 ಡಿಗ್ರಿ ಅನ್ನೋದು ಒಳಗಿನ ಗಾಳಿ ಎಲ್ಲ ಕಡೆ ಸಮ ಬೆರೆತಿದ್ರೆ. ತಳದ ಎಸ್‌ಎಂಪಿಎಸ್ ಮುಖ ಮೇಲಿದ್ದಾಗ ಅದರ ನೆತ್ತಿಯ ಮೇಲೇ ಗ್ರಾಫಿಕ್ಸ್ ಕಾರ್ಡ್ ಇರುತ್ತೆ, ಅದರ ಬಿಸಿ ಇನ್ನೂ ಜಾಸ್ತಿ. ಜೊತೆಗೆ ಕಾರ್ಡಿನ ಫ್ಯಾನ್‌ಗಳೂ ಕೆಳಗಿನಿಂದಲೇ ಗಾಳಿ ಎಳೀತವೆ. ಎರಡೂ ಒಂದೇ ಜಾಗದ ಗಾಳಿಗೆ ಕಿತ್ತಾಡ್ತವೆ.

ಸ್ಟುಡಿಯೋದವರೇ, ಮೂರು ವಿಷಯ ಹೇಳಿ. ಎಸ್‌ಎಂಪಿಎಸ್ ಮೇಲೆ ತಗಡಿನ ಕವರ್ ಇದೆಯಾ? ಇದ್ರೆ ಅದರಲ್ಲಿ ತೂತುಗಳಿವೆಯಾ? ಸಿಪಿಯು ಎಲ್ಲಿಟ್ಟಿದೀರಿ?

ಡಿಟಿಪಿ_ಅಕ್ಕ
ಯುಪಿಎಸ್ ಯಾವ್ದೈತಿ ಅದೂ ಕೇಳ್ರಿ. ಬಂದ್ ಆದಾಗ ಮಾನಿಟರ್ ಸುದ್ದಾ ಆರತೈತೋ, ಸಿಪಿಯು ಅಷ್ಟೇ ಆರತೈತೋ?

ಸಿಂಧನೂರು_ಸ್ಟುಡಿಯೋ
ಇಷ್ಟು ಜನ ಬರ್ದೀರಿ, ಖುಷಿ ಆತ್ರಿ. ಕವರ್ ಅದ, ಎಸ್‌ಎಂಪಿಎಸ್ ಮ್ಯಾಲ ಪೂರಾ ಬಂದ್ ತಗಡು, ಒಂದೂ ತೂತಿಲ್ಲ. ಸಿಪಿಯು ಕಂಪ್ಯೂಟರ್ ಟೇಬಲ್‌ನ ಖಾನಿಯೊಳಗ ಅದ, ಮುಂದ ಬಾಗಿಲ, ಹಿಂದ ಪ್ಲೈವುಡ್, ವೈರ್ ಹೋಗಲಿಕ್ಕ ಒಂದು ದುಂಡ ತೂತು. ಧೂಳು ಬರ್ತದಂತ ಬಾಗಿಲ ಹಾಕ್ಕೊಂಡೇ ಇರ್ತೀವಿ. ಯುಪಿಎಸ್ 600 ವಿಎ. ಬಂದ್ ಆದಾಗ ಮಾನಿಟರ್ ಚಾಲೂನೇ ಇರ್ತದ, "ಸಿಗ್ನಲ್ ಇಲ್ಲ" ಅಂತ ಬರ್ತದ. ಒತ್ತಿದ ಕೂಡ್ಲೇ ಚಾಲೂ ಆಗಂಗಿಲ್ಲ, ಸ್ವಲ್ಪ ಹೊತ್ತು ಬಿಡಬೇಕು.

ಗೇಮರ್_ಗುಂಡ
ಅಯ್ಯೋ ಶಿವನೇ. ಖಾನೆ ಒಳಗೆ, ಬಾಗಿಲು ಹಾಕಿ, ಮುಚ್ಚಿದ ತಗಡಿನ ಕೆಳಗೆ, ಮುಖ ಮೇಲೆ ಮಾಡಿ!

ಡಿಟಿಪಿ_ಅಕ್ಕ
ಹಂಗಾದ್ರ ಯುಪಿಎಸ್ ಅಲ್ಲ. ಅದು ಓವರ್‌ಲೋಡ್ ಆಗಿದ್ರ ಮಾನಿಟರ್ರೂ ಆರ್ತಿತ್ತು. ಆದ್ರೂ 600 ವಿಎ ಅಂದ್ರ 360 ವ್ಯಾಟಿನ ಸುತ್ತ ಕೊಡತೈತಿ. ನಿಮ್ದು ಸಿಪಿಯು 300, ಮ್ಯಾಲ ಮಾನಿಟರ್. ಕರೆಂಟ್ ಹ್ವಾದಾಗ ಎಕ್ಸ್‌ಪೋರ್ಟ್ ನಡದಿದ್ರ ಭಾಳ ಹೊತ್ತು ತಡಿಯಂಗಿಲ್ಲ. ಮುಂದ ದೊಡ್ಡದು ತಗೋರಿ.

ತಿರುಪುಳಿ
ಲಕ್ಷಣ ಎಲ್ಲ ಬಿಸಿಯ ಕಡೆಗೇ ಬೊಟ್ಟು ಮಾಡ್ತಿವೆ. ಎಸ್‌ಎಂಪಿಎಸ್‌ಗೆ ಓವರ್ ಟೆಂಪರೇಚರ್ ರಕ್ಷಣೆ ಇದ್ರೆ ಬಿಸಿ ಮಿತಿ ಮೀರಿದಾಗ ತಾನೇ ಆಫ್ ಆಗುತ್ತೆ, ತಣ್ಣಗಾಗೋವರೆಗೆ ಎದ್ದೇಳಲ್ಲ. ಕೆಟ್ಟಿಲ್ಲ ಅದು, ತನ್ನನ್ನ ತಾನು ಉಳಿಸ್ಕೊಂಡಿದೆ. ವಿಂಡೋಸ್ ಈವೆಂಟ್ ವ್ಯೂವರ್‌ನಲ್ಲಿ "ಕರ್ನಲ್ ಪವರ್ 41" ಕಾಣಬಹುದು. ಅದರಿಂದ ಕಾರಣ ತಿಳಿಯಲ್ಲ, ಸಿಸ್ಟಮ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿದೆ ಅಂತ ಅಷ್ಟೇ ಅರ್ಥ. ಕೆಲವರು ಅದನ್ನ ನೋಡಿ ಎಸ್‌ಎಂಪಿಎಸ್ ಬದಲಾಯಿಸ್ತಾರೆ.

ನಿಮ್ಮ ಅಸಲಿ ಸಮಸ್ಯೆ ಖಾನೆ. ಬಚ್ಚಲುಮನೆ ಬಾಗಿಲು ಹಾಕ್ಕೊಂಡು ಒಳಗೆ ಟೇಬಲ್ ಫ್ಯಾನ್ ಇಟ್ಕೊಂಡ ಹಾಗಾಗಿದೆ ಅದು. ಹಿಂದಕ್ಕೆ ಊದಿದ ಬಿಸಿ ಗಾಳಿ ಪ್ಲೈವುಡ್‌ಗೆ ಬಡಿದು ವಾಪಸ್ ಮುಂದೆ ಬರುತ್ತೆ, ಮತ್ತೆ ಅದೇ ಒಳಗೆ ಹೋಗುತ್ತೆ. ಓಬಯ್ಯನ 8 ಡಿಗ್ರಿ ಅಲ್ಲಿಗೇ ನಿಲ್ಲಲ್ಲ, ಏರ್ತಾನೇ ಇರುತ್ತೆ. ಮೊದಲು ಹೊರಗೆ ತೆಗೆದು ಓಡಿಸಿ ನೋಡಿ. ಆಮೇಲೆ ಫ್ಯಾನ್ ಮಾತು.

ಮಸ್ಕತ್_ಮಾವ
ಹೊರಗೆ ತೆಗೆದು ಕಾರ್ಪೆಟ್ ಮೇಲೆ ಇಟ್ಟುಬಿಡಬೇಡಿ ಮತ್ತೆ. ಇಲ್ಲಿ ಮಸ್ಕತ್‌ನಲ್ಲಿ ನನ್ನ ರೂಮು ಪೂರ್ತಿ ಕಾರ್ಪೆಟ್. ಕ್ಯಾಬಿನೆಟ್ ಕಾಲು ಅದರಲ್ಲಿ ಹೂತುಹೋಗಿ ತಳದ ಜಾಲರಿ ಮುಚ್ಚೇ ಹೋಗಿತ್ತು. ನಾನು ಫ್ಯಾನ್ ಮೇಲೆ ಮಾಡಿಯೇ ಇಟ್ಟಿದ್ದೇನೆ. ಹೊರಗೆ ಎಷ್ಟೇ ಬಿಸಿಲಿರಲಿ, ರೂಮಲ್ಲಿ ಎಸಿ 24, ಹಾಗಾಗಿ ಒಳಗಿನ ಗಾಳಿಯೂ ಪರವಾಗಿಲ್ಲ.

ಬಳ್ಳಾರಿ_ಬಿಸಿಲು
ಎಸಿ ಇದ್ರೆ ನಾವೂ ಮೇಲೇ ಇಡ್ತಿದ್ವಿ ಮಾವ.

ಎಸ್‌ಪಿ_ರೋಡ್_ಗಿರಾಕಿ
ನೆಲದ ಮೇಲೆ ಇಡೋದಾದ್ರೆ ಒಂದು ಮಣೆ ಹಾಕಿ ಮೇಲಿಡಿ. ಒರೆಸೋ ನೀರೂ ತಾಗಲ್ಲ.

ತಿರುಪುಳಿ
ಮಣೆ ಹಾಕಿದ್ರೆ ತಳದ ಜಾಲರಿಗೆ ಮಣೆಯೇ ಅಡ್ಡ. ಎರಡು ಮರದ ಪಟ್ಟಿ ಸಾಕು, ಎಡಬಲದ ಕಾಲುಗಳ ಕೆಳಗೆ ಒಂದೊಂದು, ನಡುವೆ ಖಾಲಿ. ಎರಡು ಬೆರಳಿನಷ್ಟು ಎತ್ತರ ಬಂದ್ರೂ ಒಳ್ಳೇದು. ಚಕ್ರ ಇರೋ ಸಿಪಿಯು ಸ್ಟ್ಯಾಂಡ್ ಸಿಗುತ್ತೆ, ಅದರ ತಳ ತೆರೆದಿರಬೇಕು, ಮುಚ್ಚಿದ ಪ್ಲಾಸ್ಟಿಕ್ ಹಲಗೆ ಇರೋದು ಬೇಡ.

ಮಲೆನಾಡ್_ಮಳೆ
ಒಂದು ಡೌಟು. ಡಬ್ಬ ತಿರುಗಿಸೋ ಬದಲು, ಎಸ್‌ಎಂಪಿಎಸ್ ಬಿಚ್ಚಿ ಫ್ಯಾನ್ ಮಾತ್ರ ಮಗುಚಿ ಹಾಕಿದ್ರೆ? ಹಿಂದಿನ ಜಾಲರಿಯಿಂದ ತಂಪು ಗಾಳಿ ಎಳೆದು ಫ್ಯಾನ್ ಕಡೆ ಊದ್ಲಿ. ಗಾಳಿ ಅಂತೂ ಓಡ್ತದಲ್ಲ.

ಓಮ್ಸ್_ಲಾ_ಓಬಯ್ಯ
ಬೇಡ ಬೇಡ ಬೇಡ.

ಹಳೇ_ಪೆಂಟಿಯಂ
ಮಾಡಬೇಡಿ ದಯವಿಟ್ಟು. ಮೊದಲ ಕಾರಣ ಪ್ರಾಣ. ಒಳಗಿನ ದೊಡ್ಡ ಕಪಾಸಿಟರ್ ನಮ್ಮ 230 ವೋಲ್ಟ್ ಲೈನಿನಲ್ಲಿ 325 ವೋಲ್ಟ್ ಆಸುಪಾಸು ತುಂಬಿಕೊಂಡಿರುತ್ತೆ, ಆಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್) ಇರುವುದರಲ್ಲಿ 380ರ ಮೇಲೆ. ಪ್ಲಗ್ ಕಿತ್ತ ಮೇಲೂ ಅದು ಒಳಗೆ ಉಳಿದಿರಬಹುದು. ಸ್ಕ್ರೂಡ್ರೈವರ್ ಜಾರಿದರೆ ಹೇಳಿ ಕಳಿಸೋಕೂ ಯಾರೂ ಇರೋದಿಲ್ಲ.

ಎರಡನೆಯದು, ಒಳಗಿನ ಜೋಡಣೆ ಒಂದೇ ದಿಕ್ಕಿನ ಗಾಳಿಗೆ ಲೆಕ್ಕ ಹಾಕಿ ಮಾಡಿದ್ದು. ಬಹಳಷ್ಟರಲ್ಲಿ ಫ್ಯಾನಿನ ಒಂದು ಭಾಗಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಡ್ಡ ಅಂಟಿಸಿರುತ್ತಾರೆ. ಇದು ಯಾಕೆ ಅಂತ ಎಷ್ಟೋ ರಿಪೇರಿಯವರು ಕಿತ್ತು ಬಿಸಾಡುತ್ತಾರೆ. ಅದಿಲ್ಲದಿದ್ದರೆ ಎಳೆದ ಗಾಳಿ ಹತ್ತಿರದ ದಾರಿ ಹಿಡಿದು ನೇರ ಹಿಂದಿನ ಜಾಲರಿಯಿಂದ ಹೊರಬೀಳುತ್ತೆ, ವೈರ್ ಕಡೆಯ ಭಾಗಕ್ಕೆ ಗಾಳಿಯೇ ತಲುಪುವುದಿಲ್ಲ. ಫ್ಯಾನ್ ಮಗುಚಿದರೆ ಈ ಲೆಕ್ಕ ತಲೆಕೆಳಗು. ಬಿಸಿ ಗಾಳಿ ಮತ್ತೆ ಕ್ಯಾಬಿನೆಟ್ ಒಳಗೇ ಬರುತ್ತೆ, ವಾರಂಟಿ ಸೀಲೂ ಹೋಯಿತು.

ಮಲೆನಾಡ್_ಮಳೆ
ಸರಿ ಸರಿ, ಕೇಳಿದ್ದಷ್ಟೇ ಮಾರಾಯ್ರೆ, ಸ್ಕ್ರೂಡ್ರೈವರ್ ಇನ್ನೂ ಡ್ರಾಯರ್‌ನಲ್ಲೇ ಇದೆ.

ಗೇಮರ್_ಗುಂಡ
ಕ್ಯಾಬಿನೆಟ್ ಫ್ಯಾನ್ ಆದ್ರೆ ಮಗುಚಬಹುದು, ತೊಂದ್ರೆ ಇಲ್ಲ. ತೆರೆದ ಮುಖದಿಂದ ಎಳೆದು, ಮೋಟಾರ್ ಹಿಡಿದಿರೋ ಕಡ್ಡಿಗಳು, ಸ್ಟಿಕ್ಕರ್ ಇರೋ ಕಡೆಯಿಂದ ಊದುತ್ತೆ. ಕೆಲವದರ ಅಂಚಿನಲ್ಲಿ ಬಾಣದ ಗುರುತೂ ಇರುತ್ತೆ.

ಸಿಂಧನೂರು_ಸ್ಟುಡಿಯೋ
ಖಾನಿಯಿಂದ ಹೊರಗ ತಗದು, ಪಟ್ಟಿ ಮ್ಯಾಲ ಇಟ್ಟು ನಿನ್ನಿ ಮಧ್ಯಾಹ್ನದ ಬಿಸಲಾಗ ಓಡಿಸೀನ್ರಿ. ಎಕ್ಸ್‌ಪೋರ್ಟ್ ಪೂರಾ ಆತು. ಎಸ್‌ಎಂಪಿಎಸ್ ಹಿಂದ ಕೈ ಇಟ್ರ ಮಾತ್ರ ಬಿಸಿ ಭಾಳ ಅದ. ಮುಖ ಕೆಳಗ ಮಾಡ್ಸಲೇನು, ಹಿಂಗ ಬಿಡ್ಲೇನು?

ತಿರುಪುಳಿ
ಮಾಡಿಸಿ. ಮುಚ್ಚಿದ ತಗಡಿನ ಕೆಳಗೆ ಮುಖ ಮೇಲಿದ್ರೆ ಅದಕ್ಕೆ ಎಳೆಯೋಕೆ ಸರಿಯಾದ ಗಾಳಿಯೇ ಇಲ್ಲ. ಎಟಿಎಕ್ಸ್ ಎಸ್‌ಎಂಪಿಎಸ್ 86 ಮಿ.ಮೀ. ಎತ್ತರ, ಅದರ ಮೇಲೆ ತಗಡಿನವರೆಗೆ ಉಳಿಯೋ ಸಂದು ಅಷ್ಟಕ್ಕಷ್ಟೆ. ಆ ಸಂದಿನಲ್ಲೂ ಮಿಕ್ಕ ವೈರ್‌ಗಳನ್ನ ತುರುಕಿರ್ತಾರೆ. ತಳದಲ್ಲಿ ಜಾಲರಿ ಇದೆಯಾ ಖಾತ್ರಿ ಮಾಡ್ಕೊಳ್ಳಿ. ನಾಲ್ಕು ಸ್ಕ್ರೂ ಬಿಚ್ಚಿ ಡಬ್ಬ ಮಗುಚಿ ಹಾಕೋದು ಅಷ್ಟೇ. ಎಸ್‌ಎಂಪಿಎಸ್‌ನ ಸ್ಕ್ರೂ ತೂತು ಸಮ ಚೌಕದಲ್ಲಿ ಇರಲ್ಲ, ಅದಕ್ಕೇ ತಳದಲ್ಲಿ ಕೂರೋ ಕ್ಯಾಬಿನೆಟ್‌ಗಳಲ್ಲಿ ಸಾಮಾನ್ಯವಾಗಿ ಎರಡೂ ಥರಕ್ಕೆ ಹೊಂದೋ ಹಾಗೆ ತೂತು ಕೊಟ್ಟಿರ್ತಾರೆ.

ಎಸ್‌ಪಿ_ರೋಡ್_ಗಿರಾಕಿ
ಕೆಳಗೆ ಮಾಡೋದ್ರಲ್ಲಿ ಇನ್ನೊಂದು ಲಾಭ: ಕೈತಪ್ಪಿ ಬಿದ್ದ ಸ್ಕ್ರೂ ಎಸ್‌ಎಂಪಿಎಸ್ ಒಳಗೆ ಹೋಗಲ್ಲ. ತಗಡಿನ ಕವರ್ ಇಲ್ಲದ ಕ್ಯಾಬಿನೆಟ್‌ನಲ್ಲಿ ಮುಖ ಮೇಲಿದ್ರೆ ಎಲ್ಲ ಅದರೊಳಕ್ಕೇ.

ಕರಾವಳಿ_ಕಪಾಸಿಟರ್
ಸ್ಕ್ರೂ ಬಿಡಿ, ಹಲ್ಲಿ ಹೋಗುತ್ತದೆ! ನನ್ನ ಭಾವನ ಅಂಗಡಿಯಲ್ಲಿ ಎಸ್‌ಎಂಪಿಎಸ್ ಟಪ್ ಅಂತ ಹಾರಿತು. ಬಿಚ್ಚಿ ನೋಡಿದರೆ ಒಣಗಿದ ಹಲ್ಲಿ. ಬೆಚ್ಚಗೆ ಉಂಟಲ್ಲ, ಮಳೆಗಾಲದಲ್ಲಿ ಅದಕ್ಕೆ ಅದೇ ಮನೆ.

ಮಲೆನಾಡ್_ಮಳೆ
ನಮ್ಮಲ್ಲಿ ಜಿರಳೆ. ಡಿವಿಡಿ ಡ್ರೈವ್ ತೆಗೆದ ಮೇಲೆ ಮುಂದಿನ ಖಾಲಿ ಕಿಂಡಿ ಮುಚ್ಚದೆ ಬಿಟ್ಟಿದ್ದಕ್ಕೆ ಸಂಸಾರ ಸಮೇತ ಬಂದವು.

ಡಿಟಿಪಿ_ಅಕ್ಕ
ಹಿಂದ ಪಿಸಿಐ ಪಟ್ಟಿ (ಕಾರ್ಡ್ ಕಿಂಡಿ ಮುಚ್ಚೋ ತಗಡು) ಹಾಕದ ಬಿಟ್ಟಿದ್ರ ಅಲ್ಲಿಂದಾನೂ ಬರ್ತಾವ. ಖಾಲಿ ಕಿಂಡಿ ಎಲ್ಲಾ ಮುಚ್ಚಬೇಕು. ಗಾಳಿಗೂ ಛಲೋ, ಹೋಗೋ ದಾರಿ ಒಂದ ಇರತೈತಿ.

ಬಳ್ಳಾರಿ_ಬಿಸಿಲು
ಧೂಳಿನ ಮಾತು ಯಾರೂ ಎತ್ತಲಿಲ್ಲ. ನಮ್ಮ ಕಡೆ ಕೆಂಧೂಳು, ಕೆಳಗಿನ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತೆ. ಅದು ಕಟ್ಟಿಕೊಂಡ ಮೇಲೆ ಮುಖ ಕೆಳಗಿದ್ರೂ ಒಂದೇ, ಮೇಲಿದ್ರೂ ಒಂದೇ. ಜನ ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಬ್ಲೋವರ್ ಹೊಡೀತಾರೆ, ಕುಂಕುಮ ಹಚ್ತಾರೆ, ಮುಂದಿನ ವರ್ಷದವರೆಗೆ ತಿರುಗಿ ನೋಡಲ್ಲ. ಆ ಫಿಲ್ಟರ್ ಹೊರಗಿನಿಂದಲೇ ಎಳೆದು ತೆಗೆಯೋಕೆ ಬರುತ್ತೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ತಟ್ಟಿ ಹಾಕಿ.

ಬ್ಲೋವರ್ ಹೊಡೆಯುವಾಗ ಪ್ಲಗ್ ಕಿತ್ತಿರಲಿ. ಕ್ಯಾಬಿನೆಟ್ ಫ್ಯಾನ್ ರೆಕ್ಕೆ ಬೆರಳಲ್ಲಿ ಹಿಡ್ಕೊಂಡು ಹೊಡೀರಿ, ಎಸ್‌ಎಂಪಿಎಸ್‌ದಾದ್ರೆ ಜಾಲರಿಯಿಂದ ಪ್ಲಾಸ್ಟಿಕ್ ಕಡ್ಡಿ ತೂರಿಸಿ ತಡೆಯಿರಿ. ಬಿಟ್ರೆ ಸುಯ್ ಅಂತ ಮಿತಿ ಮೀರಿ ತಿರುಗಿ ಬೇರಿಂಗ್ ಹೋಗುತ್ತೆ.

ಗೇಮರ್_ಗುಂಡ
ಬ್ರಾಂಝ್ ಬದಲು ಗೋಲ್ಡ್ ತಗೊಂಡಿದ್ರೆ ಬಿಸಿಯೇ ಇರ್ತಿರಲಿಲ್ಲ, ಕರೆಂಟ್ ಬಿಲ್ಲೂ ಅರ್ಧ.

ಓಮ್ಸ್_ಲಾ_ಓಬಯ್ಯ
ಗುಂಡ, ನಿನಗೆ ಅರ್ಧ ಅಂದ್ರೆ ಎಷ್ಟು? ಗೋಲ್ಡ್ 90 ಪರ್ಸೆಂಟ್ ಅಂತ ಹಿಡಿ. 255 ವ್ಯಾಟ್ ಕೊಡೋಕೆ 283 ಎಳೆಯುತ್ತೆ. ಬ್ರಾಂಝ್ 300. ಉಳಿತಾಯ 17 ವ್ಯಾಟ್. ದಿನಕ್ಕೆ 8 ಗಂಟೆ ಪೂರ್ತಿ ಲೋಡ್‌ನಲ್ಲಿ ಓಡಿಸಿದ್ರೂ ತಿಂಗಳಿಗೆ 4 ಯೂನಿಟ್. ಆದ್ರೆ ಎಸ್‌ಎಂಪಿಎಸ್ ಒಳಗಿನ ಬಿಸಿ 45ರಿಂದ 28ಕ್ಕೆ ಇಳಿಯುತ್ತೆ, ಅದು ದೊಡ್ಡ ವಿಷಯ. ಕಪಾಸಿಟರ್ 10 ಡಿಗ್ರಿ ತಂಪಾಗಿದ್ರೆ ಆಯಸ್ಸು ಹೆಚ್ಚುಕಡಿಮೆ ಎರಡು ಪಟ್ಟು ಅನ್ನೋದು ಈ ಕಸುಬಿನ ಹಳೇ ಲೆಕ್ಕ. ಒಳಗೆ 105 ಡಿಗ್ರಿ ಕಪಾಸಿಟರ್ ಹಾಕಿದಾರಾ, 85ರದ್ದಾ ಅಂತಲೂ ನೋಡಬೇಕು. ಬ್ರಾಂಝ್, ಗೋಲ್ಡ್ ಅಂತ ಬರೆಯೋ 80 ಪ್ಲಸ್ ಬ್ಯಾಡ್ಜ್ ಅದನ್ನ ಹೇಳಲ್ಲ. ಅದು ಎಫಿಷಿಯನ್ಸಿ ಸರ್ಟಿಫಿಕೇಟು, ಗುಣಮಟ್ಟದ್ದಲ್ಲ.

ಮಸ್ಕತ್_ಮಾವ
ನನ್ನ ಗೋಲ್ಡ್ ಎಸ್‌ಎಂಪಿಎಸ್ ಫ್ಯಾನ್ ಎಷ್ಟೋ ಹೊತ್ತು ತಿರುಗೋದೇ ಇಲ್ಲ. ಕೆಟ್ಟಿದೆ ಅಂತ ಗಾಬರಿಯಾಗಿ ಅಂಗಡಿಗೆ ಒಯ್ದೆ, ಅದು ಹಾಗೇ ಅಂದರು.

ತಿರುಪುಳಿ
ಝೀರೋ ಆರ್‌ಪಿಎಂ ಮೋಡ್ ಅದು. ಲೋಡ್ ಕಡಿಮೆ ಇದ್ದಾಗ ಫ್ಯಾನ್ ನಿಂತಿರುತ್ತೆ, ಸದ್ದಿಲ್ಲ. ಇಂಥದ್ದರಲ್ಲಿ ಮುಖ ಮೇಲೆ ಇಡೋದಕ್ಕೆ ಒಂದು ನ್ಯಾಯ ಇದೆ. ಫ್ಯಾನ್ ನಿಂತಾಗ ಬಿಸಿ ಗಾಳಿ ಜಾಲರಿಯಿಂದ ತಾನಾಗೇ ಮೇಲಕ್ಕೆ ಏರಿ ಹೋಗುತ್ತೆ. ಮುಖ ಕೆಳಗಿದ್ರೆ ಮುಚ್ಚಿದ ತಗಡು ಮೇಲೆ ಬರುತ್ತೆ, ಬಿಸಿ ಒಳಗೇ ನಿಂತು ಫ್ಯಾನ್ ಆಗಾಗ ತಿರುಗೋಕೆ ಶುರುವಾಗುತ್ತೆ. ಮಾವ ಇಟ್ಟಿರೋದು ಅವರ ಮಟ್ಟಿಗೆ ಸರಿ.

ಗೇಮರ್_ಗುಂಡ
ನೋಡಿ, ಈಗ ಮೇಲೂ ಸರಿ ಅಂತಿದೀರ!

ತಿರುಪುಳಿ
ಎಸಿ ರೂಮು, ಕಾರ್ಪೆಟ್ ನೆಲ, ಝೀರೋ ಆರ್‌ಪಿಎಂ. ಮೂರೂ ಸೇರಿದ್ರೆ ಮೇಲೇ. ಸಿಂಧನೂರಲ್ಲಿ ಮೂರೂ ಇಲ್ಲ.

ಸಿಂಧನೂರು_ಸ್ಟುಡಿಯೋ
ಹುಡುಗಗ ಹೇಳೀನ್ರಿ, ನಾಳೆ ಬರ್ತಾನ. ಧೂಳಿಗೆ ಏನು ಮಾಡ್ಲಿ? ಬಾಗಿಲ ತಗದ್ರ ಭಾಳ ಬರ್ತದ. ಮ್ಯಾಲ ತೆಳ್ಳನ ಬಟ್ಟಿ ಹೊದಸ್ಲೇನು?

ಬಳ್ಳಾರಿ_ಬಿಸಿಲು
ಓಡುವಾಗ ಬಟ್ಟೆ ಬೇಡವೇ ಬೇಡ. ಆಫ್ ಮಾಡಿದ ಮೇಲೆ ಹೊದಿಸಿ. ಮುಂದೆ ಎರಡು ಫ್ಯಾನ್ ಫಿಲ್ಟರ್ ಸಮೇತ ಒಳಗೆ ಎಳೀಲಿ, ಹಿಂದೆ ಒಂದು ಹೊರಗೆ ಊದಲಿ. ಒಳಗೆ ಬರೋ ಗಾಳಿ ಹೆಚ್ಚಿದ್ರೆ ಸಂದುಗಳಿಂದ ಧೂಳು ನುಗ್ಗೋದು ಕಡಿಮೆ.

ಮಲೆನಾಡ್_ಮಳೆ
ಮಾವ, ಆ ಝೀರೋ ಆರ್‌ಪಿಎಂ ಆಫ್ ಮಾಡೋಕೆ ಆಗಲ್ವಾ? ನಮ್ಮಲ್ಲಿ ಮಳೆಗಾಲಕ್ಕೆ ಫ್ಯಾನ್ ಸದಾ ತಿರುಗ್ತಾ ಇದ್ರೇ ಒಳ್ಳೇದು ಅನ್ಸತ್ತೆ.

ಮಸ್ಕತ್_ಮಾವ
ನಂದರಲ್ಲಿ ಹಿಂದೆ ಪವರ್ ಕಾರ್ಡ್ ಪಕ್ಕ ಒಂದು ಸಣ್ಣ ಬಟನ್ ಇದೆ. ನಾನು ಮುಟ್ಟಿಲ್ಲ.

ತಿರುಪುಳಿ
ಎಲ್ಲ ಮಾಡೆಲ್‌ಗೂ ಆ ಬಟನ್ ಇರಲ್ಲ. ತಗೊಳ್ಳೋ ಮುಂಚೆ ಡಬ್ಬದ ಮೇಲಿನ ಫ್ಯಾನ್ ಗ್ರಾಫ್ ನೋಡಿ, ಎಷ್ಟು ವ್ಯಾಟ್‌ವರೆಗೆ ನಿಂತಿರುತ್ತೆ ಅಂತ ಬರೆದಿರುತ್ತೆ. ಆ ಗ್ರಾಫ್ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಎಷ್ಟು ಡಿಗ್ರಿ ರೂಮಿನಲ್ಲಿ ಅಳೆದದ್ದು ಅಂತಲೂ ಇದ್ರೆ ಅದನ್ನ ಮೊದಲು ಓದಿ. 25 ಅಂತಿದ್ರೆ ಆ ಗ್ರಾಫ್ ನಮ್ಮ ಬೇಸಿಗೆಗೆ ಹೊಂದಲ್ಲ.